ಟೆಸ್ಟ್ ರೈಡ್ ಅಂದ್ರೆ ಘಟ್ಟ ಹತ್ತಿ ನೋಡಬೇಕು

ಅಡ್ವೆಂಚರ್ ಟೂರಿಂಗ್ ಬೈಕ್, ಅಂದರೆ ಡಾಂಬರು, ಮಣ್ಣು ಎರಡರಲ್ಲೂ ದೂರ ಓಡುವ ಬೈಕ್, ಕೊಳ್ಳಲು ಹೊರಟವರು ಮೊದಲು ಕೇಳುವುದು ಎಂಜಿನ್ ಬಗ್ಗೆ. ಎಷ್ಟು ಸಿಸಿ, ಎಷ್ಟು ಪವರ್, ಟಾಪ್ ಸ್ಪೀಡ್ ಎಷ್ಟು. ಆಮೇಲೆ ಶೋರೂಂ ಮುಂದಿನ ನೇರ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುತ್ತಾರೆ. ಅಷ್ಟರಲ್ಲಿ ಸೀಟು ಮೆತ್ತಗಿದೆಯಾ ಅನ್ನುವುದು ಗೊತ್ತಾಗಬಹುದು, ಬೈಕ್ ಗೊತ್ತಾಗುವುದಿಲ್ಲ. ನನ್ನ ಪ್ರಕಾರ ಇಂಥ ಬೈಕಿಗೆ ಕೇಳಬೇಕಾದ ದೊಡ್ಡ ಪ್ರಶ್ನೆ ಒಂದೇ: ರಸ್ತೆ ಕೆಟ್ಟಾಗ ಇದು ಟೈರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದಾ?

ಉತ್ತರ ಕನ್ನಡದಲ್ಲಿ ಇದಕ್ಕೆ ಉತ್ತರ ಹುಡುಕಲು ಕುಮಟಾ–ಶಿರಸಿ ರಸ್ತೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕಾರವಾರದಿಂದ ಅಂಕೋಲಾ, ಕುಮಟಾ ತನಕ ರಾಷ್ಟ್ರೀಯ ಹೆದ್ದಾರಿ 66 ಅಗಲವಾಗಿದೆ. ಅಲ್ಲಿ ಯಾವ ಬೈಕಾದರೂ ಚೆನ್ನಾಗಿಯೇ ಓಡುತ್ತದೆ. ಕುಮಟಾ ದಾಟಿ ಕತಗಾಲ ಬಂತು ಅಂದರೆ ದೇವಿಮನೆ ಘಟ್ಟ ಹತ್ತಿರ ಬಂತು. ಅಲ್ಲಿಂದ ತಿರುವು, ಏರು, ಮರದ ನೆರಳು, ಹೊಂಡ, ರಸ್ತೆ ಅಗಲ ಮಾಡುವ ಕೆಲಸ ನಡೆದಲ್ಲಿ ಸಡಿಲ ಜಲ್ಲಿ. ಸಮುದ್ರ ಮಟ್ಟದಿಂದ ಹೊರಟು ಸುಮಾರು 600 ಮೀಟರ್ ಎತ್ತರದ ಶಿರಸಿ ಮುಟ್ಟುವಷ್ಟರಲ್ಲಿ ಬೈಕಿನ ಪ್ರತಿಯೊಂದು ಭಾಗವೂ ತನ್ನ ಗುಣ ತೋರಿಸಿರುತ್ತದೆ.

ನಾನು ಹತ್ತಿಸಿದ್ದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. ಇದು 2023ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂತು. 452 ಸಿಸಿ, ನೀರಿನಿಂದ ತಂಪಾಗುವ ಒಂದೇ ಸಿಲಿಂಡರಿನ ಎಂಜಿನ್, 40 ಪಿಎಸ್ ಪವರ್, 40 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ತೂಕ 196 ಕೆ.ಜಿ. ಎಂಜಿನ್ ಬಗ್ಗೆ ಇಷ್ಟು ಸಾಕು. ಶಿರಸಿಯ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಶೇ. 6ರಷ್ಟು ತೆಳು, ಪವರ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಸವಾರನಿಗೆ ಅದು ತಿಳಿಯುವುದೂ ಇಲ್ಲ. ಲಡಾಖಿನ ಉಮ್ಲಿಂಗ್ ಲಾದಲ್ಲಿ ಮಾತ್ರ ತಿಳಿಯುತ್ತದೆ. ಅಲ್ಲಿ, 5,800 ಮೀಟರ್ ಹತ್ತಿರದ ಎತ್ತರದಲ್ಲಿ, ಗಾಳಿಯ ದಟ್ಟಣೆ ನಮ್ಮ ಕರಾವಳಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಈಗ ಟೈರಿಗೆ ಬರೋಣ. ಬೈಕು, ಸವಾರ ಸೇರಿ 275 ಕೆ.ಜಿ. ಅಂದುಕೊಳ್ಳಿ. ಟೈರಿನಲ್ಲಿ 32 ಪಿಎಸ್‌ಐ (ಪಂಪಿನವರು ಹೇಳುವ ಒತ್ತಡದ ಅಳತೆ) ಗಾಳಿ ಇದೆ. ತೂಕವನ್ನು ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಸಿಗುತ್ತದೆ. ಎರಡೂ ಟೈರು ಸೇರಿ ಸುಮಾರು 120 ಚದರ ಸೆಂಟಿಮೀಟರ್. ಅಂದರೆ ಒಂದೊಂದು ಟೈರಿಗೆ ಅಂಗೈಯಷ್ಟು ಜಾಗ. ಬ್ರೇಕ್ ಹಿಡಿಯುವುದು, ತಿರುಗುವುದು, ಏರು ಹತ್ತುವುದು ಎಲ್ಲವೂ ಈ ಎರಡು ಅಂಗೈ ಜಾಗದಿಂದಲೇ ಆಗಬೇಕು. ಅದರಲ್ಲಿ ಒಂದು ಅರೆಕ್ಷಣ ನೆಲ ಬಿಟ್ಟರೂ ಆ ಹೊತ್ತಿಗೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ.

ಹೊಂಡದಲ್ಲಿ ಏನಾಗುತ್ತದೆ ಎಂದು ನೋಡಿದರೆ ಸಸ್ಪೆನ್ಶನ್ (ಚಕ್ರಕ್ಕೂ ಬೈಕಿನ ಮೈಗೂ ನಡುವಿನ ಸ್ಪ್ರಿಂಗ್ ವ್ಯವಸ್ಥೆ) ಯಾಕೆ ಬೇಕು ಅನ್ನುವುದು ಸರಿಯಾಗಿ ಅರ್ಥವಾಗುತ್ತದೆ. ಸಸ್ಪೆನ್ಶನ್ ಇರುವುದು ನಮ್ಮ ಬೆನ್ನು ಉಳಿಸಲು ಅಂತ ಬಹಳ ಜನ ತಿಳಿದಿದ್ದಾರೆ. ಅದೂ ಹೌದು. ಅದಕ್ಕಿಂತ ದೊಡ್ಡ ಕೆಲಸ ಚಕ್ರವನ್ನು ಕೆಳಗೆ ತಳ್ಳುವುದು. ಗಂಟೆಗೆ 50 ಕಿ.ಮೀ. ವೇಗದಲ್ಲಿ 60 ಸೆಂಟಿಮೀಟರ್ ಉದ್ದದ ಹೊಂಡ ದಾಟಲು ಬೇಕಾಗುವ ಹೊತ್ತು ಸೆಕೆಂಡಿನ 1,000ದಲ್ಲಿ 43 ಭಾಗ. ಚಕ್ರ ತನ್ನ ತೂಕದಿಂದಲೇ ಹೊಂಡಕ್ಕೆ ಇಳಿಯಲಿ ಅಂತ ಬಿಟ್ಟರೆ, ಅಷ್ಟು ಹೊತ್ತಿನಲ್ಲಿ ಅದು ಬೀಳುವುದು ಒಂದು ಸೆಂಟಿಮೀಟರಿಗೂ ಕಡಿಮೆ. ಹೊಂಡದ ತಳಕ್ಕೆ ತಾಗದೆ ಗಾಳಿಯಲ್ಲೇ ಹಾರಿ ಹೋಗಿ ಆಚೆಯ ಅಂಚಿಗೆ ಬಡಿಯುತ್ತದೆ.

ಮುಂದಿನ ಚಕ್ರ ಹಿಡಿದ ಎರಡು ಕೊಳವೆಗಳ, ಅಂದರೆ ಫೋರ್ಕಿನ, ಒಳಗಿನ ಸ್ಪ್ರಿಂಗ್ ಸಹಾಯಕ್ಕೆ ಬರುವುದು ಇಲ್ಲಿ. ಬೈಕಿನ ಮುಂಭಾಗದ ತೂಕವನ್ನೆಲ್ಲ ಹೊತ್ತು ಅದು ಮೊದಲೇ ಕುಗ್ಗಿ ಕೂತಿರುತ್ತದೆ. ಕೆಳಗೆ ನೆಲ ಇಲ್ಲವಾದ ತಕ್ಷಣ ಆ ಬಲವೆಲ್ಲ ಚಕ್ರವನ್ನು ಕೆಳಗೆ ಒತ್ತುತ್ತದೆ. ಚಕ್ರ, ಡಿಸ್ಕ್, ಫೋರ್ಕಿನ ಕೆಳಭಾಗ ಸೇರಿ 15 ಕೆ.ಜಿ. ಅಂದುಕೊಂಡು ಲೆಕ್ಕ ಹಾಕಿ ನೋಡಿ. ಬರೀ ಗುರುತ್ವದಿಂದ ಸಿಗುವುದಕ್ಕಿಂತ ಎಂಟೊಂಬತ್ತು ಪಟ್ಟು ವೇಗವರ್ಧನೆ ಸಿಗುತ್ತದೆ. ಅದೇ ಹೊತ್ತಿನಲ್ಲಿ ಚಕ್ರ 8 ಸೆಂಟಿಮೀಟರ್ ಹತ್ತಿರ ಇಳಿಯಬಲ್ಲದು. ಸ್ಪ್ರಿಂಗ್ ಬಿಚ್ಚಿಕೊಂಡಂತೆ ಅದರ ಬಲ ಇಳಿಯುತ್ತದೆ, ಸ್ಪ್ರಿಂಗಿನ ಕುಣಿತ ತಗ್ಗಿಸುವ ಡ್ಯಾಂಪರಿನ ಎಣ್ಣೆಯೂ ತಡೆಯುತ್ತದೆ. ಹಾಗಾಗಿ ನಿಜದಲ್ಲಿ ಇಷ್ಟು ಸಿಗುವುದಿಲ್ಲ. ಆದರೂ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದು ಗೊತ್ತಾಯಿತು, ಅಲ್ವಾ?

ಅದಕ್ಕೇ ಈ ಬೈಕುಗಳಿಗೆ ಉದ್ದ ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಸರಿಯುವ ದೂರ, ಇರುತ್ತದೆ. ಹಿಮಾಲಯನ್ 450ರಲ್ಲಿ ಮುಂದೆ 200 ಮಿ.ಮೀ., ಹಿಂದೆಯೂ 200 ಮಿ.ಮೀ. ಸವಾರ ಕೂತಾಗ ಇದರಲ್ಲಿ ಮೂರನೇ ಒಂದು ಭಾಗ ಕುಗ್ಗಬೇಕು ಅನ್ನುವುದು ಮೆಕ್ಯಾನಿಕ್‌ಗಳ ಸಾಮಾನ್ಯ ಲೆಕ್ಕ. ಇದಕ್ಕೆ ಸ್ಯಾಗ್ ಅನ್ನುತ್ತಾರೆ. ಹೊಂಡ ಸಿಕ್ಕಾಗ ಚಕ್ರ ಕೆಳಗಿಳಿಯಲು ಮೀಸಲಿಟ್ಟ ಜಾಗ ಇದೇ. ಸ್ಪ್ರಿಂಗನ್ನು ಪೂರ್ತಿ ಬಿಗಿ ಮಾಡಿ ಬೈಕನ್ನು ಎತ್ತರಿಸಿ ಇಟ್ಟುಕೊಳ್ಳುವವರು ಈ ಜಾಗವನ್ನೇ ಕಳೆದುಕೊಳ್ಳುತ್ತಾರೆ.

ಮುಂದಿನ ಚಕ್ರ ಯಾಕೆ 21 ಇಂಚು, ಹಿಂದಿನದು ಯಾಕೆ 17 ಇಂಚು? ದೊಡ್ಡ ಚಕ್ರ ಅಡ್ಡ ಬಂದ ಕಲ್ಲನ್ನು ಚಿಕ್ಕ ಕೋನದಲ್ಲಿ ಮುಟ್ಟುತ್ತದೆ. ರಸ್ತೆಯಲ್ಲಿ 8 ಸೆಂಟಿಮೀಟರ್ ಎತ್ತರದ ಚಿರೆಕಲ್ಲಿನ ತುಂಡು ಬಿದ್ದಿದೆ ಅನ್ನಿ. ಸಾಮಾನ್ಯ ರೋಡ್ ಬೈಕಿನ 17 ಇಂಚಿನ ಮುಂದಿನ ಚಕ್ರಕ್ಕೆ ಹೋಲಿಸಿದರೆ, 21 ಇಂಚಿನ ಚಕ್ರ ಅದನ್ನು ಹತ್ತಲು ಬೇಕಾದ ತಳ್ಳುವ ಬಲ ಸುಮಾರು ಶೇ. 12 ಕಡಿಮೆ. ಕೇಳಲು ಇದು ಚಿಕ್ಕ ಸಂಖ್ಯೆ. ಕತಗಾಲದಿಂದ ಮೇಲಕ್ಕೆ ಇಂಥ ಏಟು ಎಷ್ಟು ಸಲ ಬೀಳುತ್ತದೆ ಎಂದು ನೆನೆದರೆ ಚಿಕ್ಕದಲ್ಲ. ಬಿಎಂಡಬ್ಲ್ಯು ಕಂಪನಿ 1980ರಲ್ಲಿ ಆರ್ 80 ಜಿ/ಎಸ್ ತಂದಾಗಲೇ ಅದಕ್ಕೆ 21 ಇಂಚಿನ ಮುಂದಿನ ಚಕ್ರ ಇತ್ತು. ಇಂದಿನ ಅಡ್ವೆಂಚರ್ ಬೈಕುಗಳ ವಂಶ ಶುರುವಾಗಿದ್ದು ಅಲ್ಲಿಂದ ಎನ್ನಬಹುದು. 1981ರಲ್ಲಿ ಯುಬೇರ್ ಓರಿಯಾಲ್ ಬಿಎಂಡಬ್ಲ್ಯು ಓಡಿಸಿ ಪ್ಯಾರಿಸ್–ಡಾಕರ್ ರ‍್ಯಾಲಿ ಗೆದ್ದ ಮೇಲೆ ಜಗತ್ತು ಈ ಜಾತಿಯ ಬೈಕನ್ನು ತಿರುಗಿ ನೋಡಿತು.

ದೊಡ್ಡ ಚಕ್ರಕ್ಕೆ ಒಂದು ಬೆಲೆಯೂ ಇದೆ. ತಿರುಗುತ್ತಿರುವ ದೊಡ್ಡ ಚಕ್ರ ತನ್ನ ದಿಕ್ಕು ಬದಲಿಸಲು ಜಾಸ್ತಿ ವಿರೋಧ ಮಾಡುತ್ತದೆ. ಎಡ ತಿರುವು ಮುಗಿದ ಕೂಡಲೇ ಬಲ ತಿರುವು ಬರುವ ಕಡೆ ಬೈಕ್ ಸ್ವಲ್ಪ ನಿಧಾನಕ್ಕೆ ವಾಲುತ್ತದೆ. ಹ್ಯಾಂಡಲ್ ಅಗಲ ಇರುವುದು ಇದಕ್ಕೇ.

ಬೈಕನ್ನು ವಾಲಿಸುವ ಬಗೆಯೇ ವಿಚಿತ್ರ. ಎಡಕ್ಕೆ ಹೋಗಬೇಕಾದರೆ ಹ್ಯಾಂಡಲಿನ ಎಡತುದಿಯನ್ನು ಮುಂದಕ್ಕೆ ಒತ್ತಬೇಕು. ಅಂದರೆ ಒಂದು ಗಳಿಗೆ ಚಕ್ರವನ್ನು ಬಲಕ್ಕೆ ತಿರುಗಿಸಬೇಕು. ಚಕ್ರ ಬಲಕ್ಕೆ ಸರಿದಾಗ ಬೈಕಿನ ಮೈ ಎಡಕ್ಕೆ ವಾಲುತ್ತದೆ. ಎಲ್ಲರೂ ಹೀಗೇ ಓಡಿಸುತ್ತಾರೆ, ಬಹುತೇಕರಿಗೆ ಗೊತ್ತಿರುವುದಿಲ್ಲ. ವಿಮಾನ ಕಂಡುಹಿಡಿದ ರೈಟ್ ಸಹೋದರರಲ್ಲಿ ಹಿರಿಯನಾದ ವಿಲ್ಬರ್, ಸೈಕಲ್ ಸವಾರರನ್ನು ಕೇಳಿ ಕೇಳಿ ಇದನ್ನೇ ಗಮನಿಸಿದ್ದ. ಚಕ್ರದ ಗೈರೋಸ್ಕೋಪ್ ಗುಣದಿಂದಲೇ (ತಿರುಗುವ ಚಕ್ರ ದಿಕ್ಕು ಬದಲಿಸಲು ಒಪ್ಪದ ಗುಣ) ಎರಡು ಚಕ್ರದ ಗಾಡಿ ಬೀಳದೆ ನಿಲ್ಲುತ್ತದೆ ಅಂತ ನಾವು ಶಾಲೆಯಲ್ಲಿ ಕೇಳಿದ್ದೆವು. 2011ರಲ್ಲಿ ಕೆಲವು ಎಂಜಿನಿಯರುಗಳು ಆ ಗುಣವನ್ನು ಪೂರ್ತಿ ರದ್ದು ಮಾಡಿದ ಸೈಕಲ್ ಒಂದನ್ನು ಕಟ್ಟಿದರು. ತಳ್ಳಿ ಬಿಟ್ಟರೆ ಅದು ಸವಾರ ಇಲ್ಲದೆಯೂ ನೆಟ್ಟಗೆ ಓಡಿತು. ಗೈರೋಸ್ಕೋಪ್ ಸಹಾಯ ಮಾಡುತ್ತದೆ, ಆದರೆ ಅದಿಲ್ಲದೆಯೂ ನಡೆಯುತ್ತದೆ ಎಂದಾಯಿತು. ನನಗೆ ಇದು ಇಡೀ ಬೈಕ್ ವಿಜ್ಞಾನದಲ್ಲೇ ಬಹಳ ಚಂದದ ಪ್ರಯೋಗ.

ಎಷ್ಟು ವಾಲಬೇಕು ಅನ್ನುವುದನ್ನು ವೇಗ ಮತ್ತು ತಿರುವು ಎರಡೇ ನಿರ್ಧರಿಸುತ್ತವೆ. ತ್ರಿಜ್ಯ 20 ಮೀಟರ್ ಇರುವ ಬಿಗಿ ತಿರುವಿನಲ್ಲಿ ಗಂಟೆಗೆ 30 ಕಿ.ಮೀ. ವೇಗಕ್ಕೆ ಸುಮಾರು 20 ಡಿಗ್ರಿ ವಾಲಿದರೆ ಸಾಕು. 40 ಆದರೆ 32 ಡಿಗ್ರಿ. ಬರೀ 10 ಕಿ.ಮೀ. ಜಾಸ್ತಿಯಾಗಿದ್ದಕ್ಕೆ ಟೈರು ಕೇಳುವ ಹಿಡಿತ ಒಂದೂಮುಕ್ಕಾಲು ಪಟ್ಟು ಆಗುತ್ತದೆ. ಒಣ ಡಾಂಬರಿನಲ್ಲಿ ಇದು ಸುಲಭ. ದೇವಿಮನೆಯಲ್ಲಿ ಬಿಸಿಲೇ ಬೀಳದ ತಿರುವುಗಳಿವೆ. ಮಳೆಗಾಲದಲ್ಲಿ ಅಲ್ಲಿ ರಸ್ತೆ ಅಂಚಿಗೆ ಹಾವಸೆ ಕಟ್ಟುತ್ತದೆ. ಹಾವಸೆ ಮೇಲೆ ಯಾವ ಕಂಪನಿಯ ಟೈರೂ ಅಷ್ಟು ಹಿಡಿತ ಕೊಡುವುದಿಲ್ಲ. ಘಟ್ಟದ ಮೇಲಿನವರು ಜುಲೈನಲ್ಲಿ ರಸ್ತೆಯ ಅಂಚು ಬಿಟ್ಟು ಓಡಿಸುವುದು ಸುಮ್ನೆ ಅಲ್ಲ.

ಬ್ರೇಕ್ ಹಿಡಿದಾಗ ತೂಕ ಮುಂದಕ್ಕೆ ಹೋಗುತ್ತದೆ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಹಿಡಿದರೆ ಒಟ್ಟು ತೂಕದ ಶೇ. 85ಕ್ಕೂ ಜಾಸ್ತಿ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರ ಆಗುತ್ತದೆ. ಮುಂದಿನ ಬ್ರೇಕ್ ಮುಟ್ಟಲು ಹೆದರುವವರು ಬೈಕಿನ ಬ್ರೇಕಿನ ದೊಡ್ಡ ಪಾಲನ್ನೇ ಬಿಟ್ಟಂತೆ. ಉದ್ದ ಫೋರ್ಕ್ ಇರುವ ಬೈಕಿನ ಮೂತಿ ಆಗ ಜಾಸ್ತಿ ತಗ್ಗುತ್ತದೆ. ಮೊದಲ ಸಲ ಓಡಿಸುವವರು ಗಾಬರಿ ಆಗುವುದು ಇಲ್ಲೇ. ಬ್ರೇಕನ್ನು ಒಮ್ಮೆಲೇ ಎಳೆಯದೆ, ಮೊದಲು ಮೆತ್ತಗೆ ಹಿಡಿದು ಆಮೇಲೆ ಬಿಗಿ ಮಾಡಿದರೆ ಫೋರ್ಕ್ ತಗ್ಗಿ ಸ್ಥಿರವಾಗುತ್ತದೆ, ಟೈರಿನ ಅಂಗೈಯೂ ಅಗಲವಾಗುತ್ತದೆ. ಟೆಸ್ಟ್ ರೈಡಿನಲ್ಲಿ ಖಾಲಿ ರಸ್ತೆ ನೋಡಿ ಇದನ್ನು ಅಗತ್ಯವಾಗಿ ಮಾಡಿ ನೋಡಿ.

ಜಲ್ಲಿಯಲ್ಲಿ ನಿಯಮ ಬೇರೆ. ಚಕ್ರ ಲಾಕ್ ಆದರೆ ಸಡಿಲ ಕಲ್ಲು ಟೈರಿನ ಮುಂದೆ ಗುಡ್ಡೆಯಾಗುತ್ತದೆ, ಆ ಗುಡ್ಡೆಯೇ ಬೈಕನ್ನು ತಡೆಯುತ್ತದೆ. ಎಬಿಎಸ್ ಅನ್ನುವ ಬ್ರೇಕ್ ವ್ಯವಸ್ಥೆ ಚಕ್ರವನ್ನು ಲಾಕ್ ಆಗಲು ಬಿಡದ ಕಾರಣ ಅಲ್ಲಿ ನಿಲ್ಲುವ ದೂರ ಜಾಸ್ತಿಯಾಗಬಹುದು. ಹಿಂದಿನ ಚಕ್ರದ ಎಬಿಎಸ್ ಬಂದ್ ಮಾಡುವ ಅವಕಾಶ ಇಟ್ಟಿರುವುದು ಈ ಕಾರಣಕ್ಕೆ. ಡಾಂಬರಿಗೆ ಮರಳಿದ ಕೂಡಲೇ ಅದನ್ನು ಮತ್ತೆ ಚಾಲೂ ಮಾಡಿ.

ಮಣ್ಣು ರಸ್ತೆಯಲ್ಲಿ ನಿಂತು ಓಡಿಸಿದರೆ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ ಅಂತ ಎಷ್ಟೋ ಜನ ಹೇಳುತ್ತಾರೆ. ಇದು ತಪ್ಪು. ನಿಂತಾಗ ಮೈ ಮೇಲೇರುತ್ತದೆ, ಕೇಂದ್ರವೂ ಮೇಲೇರುತ್ತದೆ. ನಿಜವಾದ ಲಾಭ ಮೊಣಕಾಲಿನದು. ಬೈಕ್ ಕೆಳಗೆ ಕುಣಿಯುವಾಗ ಕಾಲು ಮಡಚಿ ಬಿಚ್ಚುತ್ತದೆ, 70 ಕೆ.ಜಿ. ದೇಹ ಬೈಕಿನ ಜೊತೆ ಎಗರುವುದಿಲ್ಲ. ಸಸ್ಪೆನ್ಶನ್ ಮೇಲಿನ ಭಾರ ಅಷ್ಟು ಕಡಿಮೆಯಾಗುತ್ತದೆ.

ಇಳಿಯುವಾಗ ಗೇರ್ ನೋಡಿಕೊಳ್ಳಿ. ಸವಾರ, ಸಾಮಾನು ಸೇರಿ 280 ಕೆ.ಜಿ. ಇರುವ ಬೈಕ್ 500 ಮೀಟರ್ ಎತ್ತರದಿಂದ ಕೆಳಗೆ ಬಂದರೆ ಬಿಡುಗಡೆಯಾಗುವ ಶಕ್ತಿಯಿಂದ ನಾಲ್ಕು ಲೀಟರಿಗೂ ಜಾಸ್ತಿ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಈ ಶಕ್ತಿಯಲ್ಲಿ ಸ್ವಲ್ಪ ಗಾಳಿಯ ತಡೆಗೆ ಹೋಗುತ್ತದೆ. ಉಳಿದಿದ್ದು ಡಿಸ್ಕಿಗೆ ಹೋಗಬೇಕು, ಇಲ್ಲವೇ ಎಂಜಿನ್ನಿಗೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿದರೆ ಎಂಜಿನ್ ಅದರ ದೊಡ್ಡ ಪಾಲು ನುಂಗುತ್ತದೆ. ನ್ಯೂಟ್ರಲ್ಲಿನಲ್ಲಿ ಇಳಿದು ಪೆಟ್ರೋಲ್ ಉಳಿಸುವ ಅಭ್ಯಾಸ ದಯವಿಟ್ಟು ಬಿಡಿ. ಫ್ಯೂಯೆಲ್ ಇಂಜೆಕ್ಷನ್ ಬೈಕುಗಳು ಗೇರಿನಲ್ಲಿ ಥ್ರಾಟಲ್ ಬಿಟ್ಟು ಇಳಿಯುವಾಗ ಸಾಮಾನ್ಯವಾಗಿ ಪೆಟ್ರೋಲನ್ನು ತಾವೇ ನಿಲ್ಲಿಸುತ್ತವೆ.

ಟೆಸ್ಟ್ ರೈಡ್ ಬೈಕಿನ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರುವುದೇ ಜಾಸ್ತಿ. ಈ ಬೈಕಿನ ಟ್ಯಾಂಕ್ 17 ಲೀಟರಿನದು. ತುಂಬಿಸಿದರೆ 12 ಕೆ.ಜಿ.ಗೂ ಮೇಲೆ ತೂಕ, ಅದೂ ಎತ್ತರದಲ್ಲಿ. ಸೀಟಿನ ಎತ್ತರ 825 ಮಿ.ಮೀ. ಸಮತಟ್ಟು ನೆಲದಲ್ಲಿ ಕಾಲು ಊರಿದರೆ ಸಾಲದು. ಇಳಿಜಾರಿನಲ್ಲಿ ನಿಲ್ಲಿಸಿ, ಕೆಳಬದಿಗೆ ಕಾಲು ಎಟುಕುತ್ತದಾ ನೋಡಿ. ಅಡಿಕೆ ತೋಟಕ್ಕೆ ಇಳಿಯುವ ದಾರಿಯಲ್ಲಿ ಬೈಕ್ ಬೀಳುವುದು ಓಡುವಾಗ ಅಲ್ಲ, ನಿಲ್ಲಿಸುವಾಗ.

ಸಾಧ್ಯವಾದರೆ ಮನೆಯವರನ್ನು ಹಿಂದೆ ಕೂರಿಸಿಕೊಂಡೂ ಓಡಿಸಿ. ಹಿಂದೆ ಭಾರ ಬಿದ್ದಾಗ ಬೈಕಿನ ಬಾಲ ತಗ್ಗುತ್ತದೆ, ಮೂತಿ ಏಳುತ್ತದೆ. ಮುಂದಿನ ಚಕ್ರ ಹಗುರವಾಗಿ ತಿರುವಿನಲ್ಲಿ ಬೈಕ್ ಹೊರಕ್ಕೆ ಸರಿಯಲು ನೋಡುತ್ತದೆ. ಹೆಡ್‌ಲೈಟ್ ರಸ್ತೆ ಬಿಟ್ಟು ಮರದ ಕೊಂಬೆಗೆ ಬೀಳುತ್ತದೆ. ಹಿಂದಿನ ಸ್ಪ್ರಿಂಗಿನ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಅನ್ನುವುದು) ಬಿಗಿ ಮಾಡಿದರೆ ಎಲ್ಲವೂ ಸರಿಯಾಗುತ್ತದೆ. ಅದನ್ನು ಹೇಗೆ ತಿರುಗಿಸುವುದು, ಅದರ ಸ್ಪ್ಯಾನರ್ ಬೈಕಿನಲ್ಲಿ ಎಲ್ಲಿದೆ ಅನ್ನುವುದನ್ನು ಶೋರೂಂನವರ ಹತ್ತಿರ ಕೇಳಿ, ಅವರ ಎದುರೇ ಒಮ್ಮೆ ನೀವೇ ಮಾಡಿ ನೋಡಿ.