ಕರುಣ್ ನಾಯರ್ ಸುದ್ದಿಯಲ್ಲಿ ಕಾಣೆಯಾದ ನಾಲ್ಕು ಇನಿಂಗ್ಸ್

‘ತ್ರಿಶತಕ ವೀರ ಕನ್ನಡಿಗನಿಗೆ ಮಹಾಮೋಸ!’

ನಮ್ಮ ಕ್ರೀಡಾ ಡೆಸ್ಕ್‌ಗೆ ಹೊಸದಾಗಿ ಸೇರಿದ ಹುಡುಗ ಒಂದು ರಾತ್ರಿ ಈ ಹೆಡ್ಡಿಂಗ್ ಇಟ್ಟು ಕಾಪಿ ಕಳಿಸಿದ. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಕರುಣ್ ನಾಯರ್ ಅಜೇಯ 303 ಹೊಡೆದರು, ಮುಂದಿನ ಟೆಸ್ಟ್‌ನಲ್ಲೇ ಅವರನ್ನು ತಂಡದಿಂದ ಕೈಬಿಟ್ಟರು, ಆಮೇಲೆ ಅವಕಾಶವೇ ಕೊಡಲಿಲ್ಲ. ಇಷ್ಟು ಸುದ್ದಿ.

‘ಇದನ್ನು ಎಲ್ಲಿಂದ ತಗೊಂಡೆ?’ ಅಂದೆ.

‘ಎಲ್ಲಾ ಕಡೆ ಹೀಗೇ ಇದೆ ಸರ್.’

ಪಕ್ಕದಲ್ಲಿ ಕೂರಿಸಿಕೊಂಡು ಹಳೇ ಸ್ಕೋರ್‌ಕಾರ್ಡ್‌ಗಳನ್ನು ತೆಗೆದೆ. ಮುಂದಿನ ಟೆಸ್ಟ್‌ನಲ್ಲಿ ಕೈಬಿಟ್ಟಿದ್ದು ನಿಜ. 2017ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ವಿರುದ್ಧ ಹೈದರಾಬಾದ್‌ನಲ್ಲಿ, ಗಾಯದಿಂದ ವಾಪಸಾದ ರಹಾನೆಗೆ ಜಾಗ ಕೊಟ್ಟರು. ಎರಡು ವರ್ಷ ದುಡಿದವನ ಶ್ರಮವನ್ನು ಒಂದು ಪಂದ್ಯ ಮರೆಸಲ್ಲ ಎಂಬರ್ಥದ ಮಾತನ್ನು ಆಗಿನ ನಾಯಕ ಕೊಹ್ಲಿ ಹೇಳಿದ್ದರು. ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಆದರೆ ಆ ಮಾತನ್ನು ಅವರಿಗೆ ತಲುಪಿಸಬೇಕಲ್ವಾ?

ಅವಕಾಶವೇ ಕೊಡಲಿಲ್ಲ ಅನ್ನುವುದಂತೂ ಸುಳ್ಳು. ಮರುತಿಂಗಳೇ ಆಸ್ಟ್ರೇಲಿಯಾ ವಿರುದ್ಧ ಬೆಂಗಳೂರು, ರಾಂಚಿ, ಧರ್ಮಶಾಲಾ ಟೆಸ್ಟ್‌ಗಳಲ್ಲಿ ಕರುಣ್ ಆಡಿದರು. 26, 0, 23, 5. ನಾಲ್ಕು ಇನಿಂಗ್ಸ್‌ನಲ್ಲಿ 54 ರನ್. ಇದನ್ನು ನೋಡಲು ಐದು ನಿಮಿಷ ಸಾಕು. ಒಬ್ಬರು ಬರೆದದ್ದನ್ನು ಹತ್ತು ಜನ ಹಾಗೇ ಎತ್ತಿ ಹಾಕುವಾಗ ಆ ಐದು ನಿಮಿಷ ಯಾರೂ ಕೊಡುವುದಿಲ್ಲ. ಹೆಡ್ಡಿಂಗ್ ಮೊದಲು ಹುಟ್ಟುತ್ತದೆ, ಅದಕ್ಕೆ ಹೊಂದದ ಅಂಕಿ ಹೊರಗೆ ಉಳಿಯುತ್ತದೆ.

ನನಗೆ ಸಿಟ್ಟು ಬರುವುದು ಯಾಕೆಂದರೆ, ಕರುಣ್ ಪರವಾಗಿ ಬರೆಯಲು ನಿಜವಾದ ವಿಷಯವೇ ಇದೆ. 2018ರ ಇಂಗ್ಲೆಂಡ್ ಪ್ರವಾಸಕ್ಕೆ ಅವರು ಮೊದಲಿಂದಲೂ ತಂಡದ ಜೊತೆಗಿದ್ದರು. ಒಂದೂ ಟೆಸ್ಟ್ ಆಡಿಸಲಿಲ್ಲ. ಕೊನೆಯ ಎರಡು ಟೆಸ್ಟ್‌ಗೆ ಕರೆಸಿಕೊಂಡ ಹನುಮ ವಿಹಾರಿ ಲಂಡನ್‌ನ ಓವಲ್ ಮೈದಾನದಲ್ಲಿ, ಕೊನೆಯ ಟೆಸ್ಟ್‌ನಲ್ಲಿ ಕಣಕ್ಕಿಳಿದರು, ಕರುಣ್ ಹೊರಗೇ ಕೂತಿದ್ದರು. ಮುಂದಿನ ಸರಣಿಗೆ ತಂಡದಲ್ಲೇ ಹೆಸರಿಲ್ಲ. ಮತ್ತೆ ಟೆಸ್ಟ್ ಆಡಿದ್ದು 2025ರ ಜೂನ್‌ನಲ್ಲಿ, ಲೀಡ್ಸ್‌ನಲ್ಲಿ. ಎಂಟು ವರ್ಷ ದಾಟಿತ್ತು.

ವಿಹಾರಿ ಮೊದಲ ಇನಿಂಗ್ಸ್‌ನಲ್ಲೇ 56 ಹೊಡೆದರು. ಅದನ್ನೂ ಬರೆಯಬೇಕು. ಆದರೂ ಪ್ರಶ್ನೆ ಉಳಿಯುತ್ತದೆ: ಸರಣಿಯುದ್ದಕ್ಕೂ ಜೊತೆಗಿದ್ದವನನ್ನು ದಾಟಿ ಹೋದದ್ದು ಯಾಕೆ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬೇಕಾದವರು ನಾವು. ಆದರೆ ನಾಲ್ಕು ಇನಿಂಗ್ಸ್ ಮುಚ್ಚಿಟ್ಟು ‘ಮಹಾಮೋಸ’ ಅಂತ ಕೂಗಿದರೆ, ಬೇರೆ ಊರಿನವರು ಆ 54 ರನ್ ತೋರಿಸಿ ಒಂದೇ ಮಾತಿಗೆ ನಮ್ಮ ಬಾಯಿ ಮುಚ್ಚಿಸುತ್ತಾರೆ. ಓವಲ್ ಕಥೆಯೂ ಅದರ ಜೊತೆಗೇ ಹೋಗುತ್ತದೆ.

ಹುಡುಗ ಸುಮ್ನೆ ಕೂತು ಕೇಳಿದ. ಪುಟ ಕಳಿಸಲು ಇನ್ನು ಮುಕ್ಕಾಲು ಗಂಟೆ ಇತ್ತು. ತನ್ನ ಜಾಗಕ್ಕೆ ಹೋಗಿ ಕಾಪಿಯನ್ನು ಪೂರ್ತಿ ಅಳಿಸಿ, 26, 0, 23, 5 ಅಂತ ಮೊದಲ ಸಾಲಲ್ಲೇ ಟೈಪ್ ಮಾಡಿದ. ಎರಡನೇ ಪ್ಯಾರಾ ಓವಲ್‌ನಿಂದ ಶುರುವಾಯಿತು.