ಕಣದಲ್ಲಿ ಕಾಣೆಯಾದ ನಾಲ್ಕೂವರೆ ಕಿಲೋ

ಡಿಸೆಂಬರ್ ಬಂತೆಂದರೆ ಮೂಡಿಗೆರೆ ಕಡೆಯ ನನ್ನ ವಿದ್ಯಾರ್ಥಿಗಳ ಅಂಗಿಗೆ ಕಾಫಿ ಹಣ್ಣಿನ ವಾಸನೆ ಅಂಟಿರುತ್ತದೆ. ಬೆಳಿಗ್ಗೆ ಕಣದಲ್ಲಿ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದ, ಇನ್ನೂ ಹೊಟ್ಟಿನೊಳಗಿರುವ ಕಾಫಿ ಬೀಜ) ಹರಡಿ, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವ ಮಕ್ಕಳು ಇವರು. ಒಂಬತ್ತನೆಯ ತರಗತಿಗೆ ಪ್ರತಿ ವರ್ಷವೂ ಇದೇ ಲೆಕ್ಕ ಕೊಡುತ್ತೇನೆ: ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ) ಹಾಕಿ ತೊಳೆದ ಕಾಫಿ 100 ಕಿಲೋ ಇದೆ, ಅದರಲ್ಲಿ ಶೇ 50 ನೀರು. ಒಣಗಿಸಿ ತೇವಾಂಶವನ್ನು ಶೇ 10ಕ್ಕೆ ಇಳಿಸಿದರೆ ತೂಕ ಎಷ್ಟು?

‘60 ಕಿಲೋ, ಸರ್’ ಎಂದು ತರಗತಿಯ ಮುಕ್ಕಾಲುವಾಸಿ ಒಟ್ಟಿಗೇ ಕೂಗುತ್ತದೆ. ಐವತ್ತರಲ್ಲಿ ಹತ್ತು ಕಳೆದರೆ ನಲವತ್ತು. ನಲವತ್ತು ಕಿಲೋ ನೀರು ಹೋಯಿತು, ಉಳಿದದ್ದು ಅರವತ್ತು.

ಉತ್ತರ ತಪ್ಪು. ಆದರೆ ಇದು ದಡ್ಡರ ತಪ್ಪಲ್ಲ, ನಾವು ಮೇಷ್ಟರುಗಳು ಕಲಿಸಿದ ತಪ್ಪು. ಭಿನ್ನರಾಶಿ ಎಂದ ಕೂಡಲೇ ಕರಿಹಲಗೆಯ ಮೇಲೆ ದುಂಡನೆಯ ರೊಟ್ಟಿ ಬರೆದು ಗೆರೆ ಎಳೆಯುತ್ತೇವೆ. ಕಾಲು ತಿಂದರೂ ಅರ್ಧ ತಿಂದರೂ ಆ ಪಾಲುಗಳು ಮೊದಲಿನ ಇಡೀ ರೊಟ್ಟಿಯವೇ. ಕಣದ ಕಾಫಿ ಹಾಗಲ್ಲ. ನೀರು ಆರಿದಂತೆಲ್ಲ ಒಟ್ಟು ತೂಕವೇ ಇಳಿಯುತ್ತದೆ. ಅಂಶದ ಜೊತೆಗೆ ಛೇದವೂ ಬದಲಾಗುತ್ತದೆ. ಮೊದಲಿನ ಶೇ 50 ಎಂಬುದು ನೂರು ಕಿಲೋದಲ್ಲಿ. ಕೊನೆಯ ಶೇ 10 ಆ ನೂರರಲ್ಲಲ್ಲ, ಒಣಗಿ ಉಳಿದ ರಾಶಿಯಲ್ಲಿ.

ಹಾಗಾದರೆ ಬದಲಾಗದೆ ಉಳಿದದ್ದೇನು ಎಂದು ಕೇಳುತ್ತೇನೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಬಿಸಿಲು ಒಯ್ಯುವುದು ನೀರನ್ನು ಮಾತ್ರ. ಬೀಜದ ಒಣ ಭಾಗ 50 ಕಿಲೋ ಹಾಗೆಯೇ ಇದೆ. ಮೊದಲು ಅದು ರಾಶಿಯ ಅರ್ಧ, ಈಗ ಅದೇ ಐವತ್ತು ಕಿಲೋ ರಾಶಿಯ ಶೇ 90. ಐವತ್ತನ್ನು 0.9ರಿಂದ ಭಾಗಿಸಿದರೆ 55.56 ಕಿಲೋ. ಮಕ್ಕಳ ಲೆಕ್ಕಕ್ಕಿಂತ ಸುಮಾರು ನಾಲ್ಕೂವರೆ ಕಿಲೋ ಕಡಿಮೆ!

ಇದರೊಳಗೆ ಇನ್ನೊಂದು ಸ್ವಾರಸ್ಯವಿದೆ, ನನಗೆ ಅದೇ ಹೆಚ್ಚು ಇಷ್ಟ. ತೇವಾಂಶ 50ರಿಂದ 48ಕ್ಕೆ ಇಳಿಯುವಾಗ ರಾಶಿ 3.85 ಕಿಲೋ ಹಗುರಾಗುತ್ತದೆ. ಕೊನೆಯಲ್ಲಿ 12ರಿಂದ 10ಕ್ಕೆ ಇಳಿಯುವಾಗ ಹೋಗುವುದು ಬರೀ 1.26 ಕಿಲೋ. ಎರಡು ಕಡೆಯೂ ಇಳಿದದ್ದು ಎರಡೇ ಅಂಕ, ಹೋದ ನೀರು ಮಾತ್ರ ಮೂರು ಪಟ್ಟು ಬೇರೆ.

ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಇದೇ ಕಥೆ ತಿರುಗುಮುರುಗು. ಶೇ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದನ್ನು ಅರ್ಧ ಶೇಕಡಾಕ್ಕೆ ಇಳಿಸಬೇಕಾದರೆ ‘ಅರ್ಧ ತಾನೇ’ ಎಂದು ಐವತ್ತು ಲೀಟರ್ ಸುರಿಯುವವರಿದ್ದಾರೆ. ಮೈಲುತುತ್ತ ಒಂದೇ ಕಿಲೋ. ಅದು ಅರ್ಧ ಶೇಕಡಾ ಆಗಬೇಕಾದರೆ ಒಟ್ಟು 200 ಲೀಟರ್ ಬೇಕು. ಐವತ್ತಲ್ಲ, ಇನ್ನೂ ನೂರು ಲೀಟರ್ ಸೇರಬೇಕು.

ಪಹಣಿಯ ವಿಷಯ ಬೇರೆಯೇ. ಅಲ್ಲಿ 2-20 (2 ಎಕರೆ 20 ಗುಂಟೆ) ಎಂದಿರುವುದನ್ನು ಮಕ್ಕಳು ಕ್ಯಾಲ್ಕುಲೇಟರಿಗೆ 2.20 ಎಂದು ಒತ್ತುತ್ತಾರೆ. ಎಕರೆಗೆ ನಲವತ್ತು ಗುಂಟೆ. ಆದ್ದರಿಂದ ಅದು ಎರಡೂವರೆ ಎಕರೆ. ಆ ಗೆರೆಯನ್ನು ಚುಕ್ಕಿ ಎಂದು ಓದಿದರೆ ಹನ್ನೆರಡು ಗುಂಟೆ ಮಾಯವಾಗುತ್ತದೆ.

ಕಳೆದ ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಸರ್, ಒಣಗಿದ ಕಾಫಿಗೆ ಅಕಾಲದ ಮಳೆ ತಗುಲಿ ತೇವಾಂಶ 15ಕ್ಕೆ ಏರಿದರೆ?’ ಎಂದ. ನೀನೇ ಮಾಡು ಎಂದೆ. ಐವತ್ತನ್ನು 0.85ರಿಂದ ಭಾಗಿಸಿ, 58.82 ಎಂದು ಬರೆದ. ಸ್ವಲ್ಪ ಯೋಚಿಸಿ, ‘ಹಾಗಾದರೆ ಮೂರು ಕಿಲೋ ಲಾಭ ಅಲ್ಲವೇ ಸರ್?’ ಎಂದು ಮೆಲ್ಲಗೆ ಕೇಳಿದ. ಲೆಕ್ಕಕ್ಕೆ ಪೂರ್ತಿ ಅಂಕ ಕೊಟ್ಟೆ. ಕಾಫಿ ಕೊಳ್ಳುವವರ ಮೇಜಿನ ಮೇಲೂ ತೇವಾಂಶ ಅಳೆಯುವ ಯಂತ್ರ ಇರುತ್ತದೆ ಎಂದು ಅವನ ಪಕ್ಕದವನೇ ಹೇಳಿದ.