ಬದಿಯಡ್ಕದಲ್ಲಿ ಒಂದು ಸಂಗೀತದ ಹಾಲ್ ಕಟ್ಟಿದ್ರೆ ಗಿಟ್ತದಾ? ಬ್ರೇಕ್ ಈವನ್ ಟಿಪ್ಪಣಿ

ಪ್ರಾಜೆಕ್ಟ್ ಅಪ್ರೈಸಲ್, ಅಂದ್ರೆ ಒಂದು ಯೋಜನೆಗೆ ದುಡ್ಡು ಹಾಕಿದ್ರೆ ಗಿಟ್ತದಾ ಅಂತ ತೂಗಿ ನೋಡುದು, ಅದನ್ನು ಓದ್ತಾ ಇರುವವ್ರಿಗೆ ಇದು. ಬ್ರೇಕ್ ಈವನ್ ಅಂದ್ರೆ ವರಮಾನ ಖರ್ಚಿಗೆ ಸರಿಸಮ ಆಗುವ ಮಟ್ಟ. ಪುಸ್ತಕದಲ್ಲಿ ಬರುವ ಉದಾಹರಣೆ ಎಲ್ಲ ಫ್ಯಾಕ್ಟರಿದ್ದೇ, ಯಂತ್ರ ತಗೊಂಡ, ಇಷ್ಟು ಯೂನಿಟ್ ಮಾಡಿದ, ಮಾರಿದ, ಮುಗೀತು. ನಮ್ಮ ಕಡೆ ಎರಡು ಜನ ಸಂಗೀತದವ್ರು ಸೇರಿದ್ರೆ "ಕಾಸರಗೋಡಿನಲ್ಲಿ ಒಂದು ಒಳ್ಳೆ ಹಾಲ್ ಇದ್ದಿದ್ರೆ" ಅಂತ ಶುರು ಆಗ್ತದಲ್ಲ, ಅದನ್ನೇ ಕೇಸ್ ಆಗಿ ಹಿಡಿಯುವ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆ ಹತ್ರ ಲೀಸ್ ಜಾಗದಲ್ಲಿ 250 ಸೀಟಿನ ಹಾಲ್, ಸ್ಟೇಜು, ಸೌಂಡು, ಎಸಿ, ಜನರೇಟರ್, ಒಳಗೆ ಗೋಡೆಗೆ ಎಕೋ ಆಗದ ಹಾಗೆ ಪ್ಯಾನೆಲ್, ಎಲ್ಲ ಸೇರಿ 60 ಲಕ್ಷ. ಖರ್ಚು ವರಮಾನದ ಅಂಕಿ ಎಲ್ಲ ನಾನು ಲೆಕ್ಕಕ್ಕೆ ಹಿಡ್ಕೊಂಡದ್ದು, ನೀವು ನಿಮ್ಮೂರಿನ ರೇಟ್ ಹಾಕಿ ಪುನಃ ಮಾಡಿ. ಕಾನೂನಿನ ಅಂಕಿ ಮಾತ್ರ ಇದ್ದದ್ದು ಇದ್ದ ಹಾಗೆ ಹಾಕಿದ್ದೇನೆ.

ಮೊದ್ಲು ಫಿಕ್ಸೆಡ್ ಕಾಸ್ಟ್, ಅಂದ್ರೆ ಒಬ್ಬ ಕೇಳುಗ ಒಳಗೆ ಬರದಿದ್ರೂ ಕೊಡಲೇಬೇಕಾದ್ದು. ಲೀಸ್ ಬಾಡಿಗೆ ತಿಂಗಳಿಗೆ 40,000, ಮ್ಯಾನೇಜರ್ ಮತ್ತೆ ಕ್ಲೀನಿಂಗ್ ವಾಚ್‌ಮನ್ ಎಲ್ಲ ನೋಡುವ ಇನ್ನೊಬ್ರು ಸೇರಿ 45,000, ಕರೆಂಟಿನ ಮಿನಿಮಂ 8,000, ಇನ್ಶೂರೆನ್ಸ್ ಲೈಸನ್ಸ್ ರಿಪೇರಿ 17,000. ಒಟ್ಟು 1,10,000, ವರ್ಷಕ್ಕೆ 13.2 ಲಕ್ಷ.

ಈಗ ಒಂದು ಕಾರ್ಯಕ್ರಮದ ಲೆಕ್ಕ. ಟಿಕೆಟ್ 200 ರೂಪಾಯಿ, ಹಾಲ್ 60 ಪರ್ಸೆಂಟ್ ತುಂಬಿತು ಅಂತ ಇಟ್ಕೊಳ್ಳಿ, 150 ಜನ, 30,000 ರೂಪಾಯಿ. ಹಾಡುವವ್ರಿಗೆ ಪಕ್ಕವಾದ್ಯದವ್ರಿಗೆ ಸೇರಿ ಸಂಭಾವನೆ 15,000, ಸೌಂಡಿನವನಿಗೆ, ಡೀಸೆಲ್‌ಗೆ, ಪೋಸ್ಟರ್‌ಗೆ, ಉಳಿದ ಚಿಲ್ಲರೆಗೆ ಎಲ್ಲ 9,000. ಅಲ್ಲಿಗೆ 24,000 ಹೋಯ್ತು, ಉಳಿದದ್ದು 6,000. ಇಂಟರ್ವಲ್‌ನಲ್ಲಿ ಚಾ, ಗೋಳಿಬಜೆ ಅಂತ ತಲೆಗೆ 40 ರೂಪಾಯಿ ವ್ಯಾಪಾರ, ಅದರಲ್ಲಿ ಅರ್ಧ ಉಳೀತದೆ, 3,000. ಹಾಗೆ ಒಂದು ಕಾರ್ಯಕ್ರಮದ ಕಾಂಟ್ರಿಬ್ಯೂಷನ್ 9,000. ಇದನ್ನು ಲಾಭ ಅಂತ ಬರೀಬೇಡಿ, ಮಾರ್ಕ್ ಹೋಗ್ತದೆ, ಇದು ಫಿಕ್ಸೆಡ್ ಕಾಸ್ಟ್ ತೀರಿಸ್ಲಿಕ್ಕೆ ಸಿಗುವ ದುಡ್ಡು ಅಷ್ಟೆ.

13.2 ಲಕ್ಷವನ್ನು 9,000ದಿಂದ ಭಾಗಿಸಿದ್ರೆ 147 ಕಾರ್ಯಕ್ರಮ ಬೇಕು. ವರ್ಷದಲ್ಲಿ ಶನಿವಾರ ಭಾನುವಾರ ಎಲ್ಲ ಸೇರಿದ್ರೂ 104 ದಿನ. ಅಂದ್ರೆ ಒಂದು ವೀಕೆಂಡೂ ಬಿಡದೆ ಮಾಡಿ, ಮತ್ತೆ ವಾರದ ಮಧ್ಯೆಯೂ 43 ಸಲ ಮಾಡಿದ್ರೆ ಆಗ ಸೊನ್ನೆಗೆ ಬಂದು ನಿಲ್ತದೆ! ಬದಿಯಡ್ಕದಲ್ಲಿ ಬುಧವಾರ ರಾತ್ರಿ 150 ಜನ ಟಿಕೆಟ್ ತಗೊಂಡು ಕೂರ್ತಾರೆ ಅಂತ ಹೇಳುವವ್ರು ಯಾರಾದ್ರೂ ಇದ್ರೆ ಅವ್ರನ್ನೇ ಮೊದ್ಲ ಪಾರ್ಟ್‌ನರ್ ಮಾಡ್ಕೊಳ್ಳಿ ಮಾರಾಯ್ರೆ.

ಸೀಟ್ ತುಂಬುವ ಪರ್ಸೆಂಟ್ ಸ್ವಲ್ಪ ಆಚೆ ಈಚೆ ಮಾಡಿ ನೋಡಿ, ಮಜಾ ಇರುವುದು ಇಲ್ಲಿ. 80 ಪರ್ಸೆಂಟ್ ಅಂದ್ರೆ 200 ಜನ, ಕಾಂಟ್ರಿಬ್ಯೂಷನ್ 20,000, ಕಾರ್ಯಕ್ರಮ 66 ಸಾಕು. ಹೌಸ್‌ಫುಲ್ ಆದ್ರೆ 31,000, ಆಗ 43. ಅದೇ 50 ಪರ್ಸೆಂಟ್‌ಗೆ ಇಳಿದ್ರೆ ಕಾಂಟ್ರಿಬ್ಯೂಷನ್ ಬರೀ 3,500, ಬೇಕಾದ ಕಾರ್ಯಕ್ರಮ 378, ವರ್ಷದಲ್ಲಿ ಅಷ್ಟು ದಿನವೇ ಇಲ್ಲ. ಜನ ಕಡಿಮೆ ಆದದ್ದು 150ರಿಂದ 125ಕ್ಕೆ, ಇಪ್ಪತ್ತೈದೇ ಜನ, ಒಂದು ಮಳೆ ಬಂದ್ರೆ ಅಷ್ಟು ಜನ ತಪ್ಪಿಸ್ತಾರೆ. ಯಾಕೆ ಹೀಗೆ ಅಂದ್ರೆ 24,000 ಖರ್ಚು ಕಾರ್ಯಕ್ರಮಕ್ಕೆ ಕಟ್ಟಿದ್ದು, ತಲೆಗೆ ಕಟ್ಟಿದ್ದಲ್ಲ. 100 ಜನ ಬಂದ್ರೂ ಗಾಯಕನಿಗೆ ಅದೇ 15,000.

ಇದಕ್ಕೆ ಒಂದು ಮದ್ದು ಉಂಟು, ಟಿಕೆಟ್ ಪಾಲು. ಕಲಾವಿದ್ರಿಗೆ ಕಲೆಕ್ಷನ್‌ನ 60, ಹಾಲಿಗೆ 40. 100 ಜನ ಬಂದ ದಿನ ಮೊದ್ಲಿನ ಲೆಕ್ಕದಲ್ಲಿ 2,000 ಕೈಯಿಂದ ಹೋಗ್ತಿತ್ತು, ಪಾಲಿನಲ್ಲಿ 1,000 ಉಳೀತದೆ. 125ಕ್ಕೆ ಎರಡೂ ಒಂದೇ, 3,500. ಆದ್ರೆ ಹೌಸ್‌ಫುಲ್ ಆದ ದಿನ 31,000 ಸಿಗುವ ಕಡೆ 16,000 ಮಾತ್ರ. ಪರೀಕ್ಷೆಯಲ್ಲಿ ಇದನ್ನು ರಿಸ್ಕ್ ಶೇರಿಂಗ್ ಅಂತ ಬರೀಬಹುದು. ನನ್ನ ಅಭಿಪ್ರಾಯ ಕೇಳಿದ್ರೆ ಹೊಸ ಹಾಲಿಗೆ ಮೊದ್ಲೊಂದು ವರ್ಷ ಪಾಲೇ ಒಳ್ಳೇದು, ಆದ್ರೆ ದೊಡ್ಡ ಹೆಸರಿನವ್ರು ಪಾಲಿಗೆ ಒಪ್ಪಲಿಕ್ಕಿಲ್ಲ, ಅವ್ರಿಗೆ ಬರುವ ಮೊದ್ಲೇ ಅಡ್ವಾನ್ಸ್ ಬೇಕು.

ಡಿಮ್ಯಾಂಡ್ ಅಂದಾಜು ಮಾಡುವಾಗ ನಮ್ಮ ಊರಿನದ್ದೇ ಒಂದು ಗುಣ ಉಂಟು, ಅದು ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ಇಲ್ಲ. ಇಲ್ಲಿ ಸಂಗೀತ ಫ್ರೀ. ದೇವಸ್ಥಾನದ ಜಾತ್ರೆಯಲ್ಲಿ ಕಛೇರಿ, ಎಡನೀರು ಮಠದಲ್ಲಿ ಸಂಗೀತ ಯಕ್ಷಗಾನ, ನವರಾತ್ರಿಗೆ ಊರೂರಿನಲ್ಲಿ ಸ್ಟೇಜು, ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಗಾನಮೇಳ, ಬಯಲಾಟ ಅಂತೂ ಹರಕೆದ್ದು, ಕೇಳುಗನ ಕಿಸೆಗೆ ಯಾರೂ ಕೈ ಹಾಕುದಿಲ್ಲ, ಹೆಚ್ಚಿನ ಕಡೆ ಊಟವೂ ಉಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಪಕ್ಕದಲ್ಲೇ ಇರುವಾಗ ಕಲಾಸಕ್ತಿ ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಆಸಕ್ತಿ ಬೇಕಾದಷ್ಟುಂಟು, ಟಿಕೆಟ್ ತಗೊಳ್ಳುವ ಅಭ್ಯಾಸ ಇಲ್ಲ, ಈ ಎರಡನ್ನು ಬೇರೆ ಬೇರೆ ಅಳೀಬೇಕು. ಸರ್ವೇಯಲ್ಲಿ "ಹಾಲ್ ಆದ್ರೆ ಬರ್ತೀರಾ" ಅಂತ ಕೇಳಿದ್ರೆ ಎಲ್ರೂ ಹೌದು ಅಂತಾರೆ, ಕೇಳಿದವ್ರಿಗೆ ಬೇಜಾರಾಗಬಾರ್ದಲ್ಲ. "ಹೋದ ಆರು ತಿಂಗಳಲ್ಲಿ ಸಂಗೀತಕ್ಕೆ ಅಂತ ಎಷ್ಟು ದುಡ್ಡು ಕೊಟ್ರಿ, ಎಲ್ಲಿ" ಅಂತ ಕೇಳಿ, ಆಗ ಗೊತ್ತಾಗ್ತದೆ.

ಮತ್ತೆ ಸಪ್ತಭಾಷಾ ಸಂಗಮ ಭೂಮಿ ಅಂತ ನಾವು ಭಾಷಣದಲ್ಲಿ ಹೇಳ್ತೇವಲ್ಲ, ಟಿಕೆಟ್ ಕೌಂಟರಿನಲ್ಲಿ ಅದೇ ಕಷ್ಟ. ಕರ್ನಾಟಕ ಸಂಗೀತದ ಕಛೇರಿಗೆ ಬರುವವ್ರು, ಮಾಪ್ಪಿಳಪ್ಪಾಟಿಗೆ (ಕೇರಳದ ಮುಸ್ಲಿಮರ ಹಾಡು) ಬರುವವ್ರು, ಕನ್ನಡ ಭಾವಗೀತೆಗೆ ಬರುವವ್ರು, ಮಲಯಾಳ ಸಿನಿಮಾ ಹಾಡಿನ ಗಾನಮೇಳಕ್ಕೆ ಬರುವವ್ರು, ಇವ್ರೆಲ್ಲ ಬೇರೆ ಬೇರೆ ಜನ. ಜನಸಂಖ್ಯೆ ನೋಡಿ "ಅದರ ಒಂದು ಪರ್ಸೆಂಟ್ ಬಂದ್ರೂ ಸಾಕು" ಅಂತ ಬರೆಯುವ ಉತ್ತರ ನೋಡಿದ್ರೆ ನಂಗೆ ಸಿಟ್ಟು ಬರ್ತದೆ. ರಾತ್ರಿ ಒಂಬತ್ತೂವರೆಗೆ ಮುಗಿದ್ರೆ ಬಸ್ಸಿನಲ್ಲಿ ಬಂದವ್ರು ವಾಪಸ್ ಹೋಗುದು ಹೇಗೆ ಅಂತ ನೋಡಿ, ಅರ್ಧ ಗಂಟೆ ದಾರಿಯ ಒಳಗೆ ಸ್ವಂತ ಗಾಡಿ ಇರುವವ್ರೇ ನಿಮ್ಮ ಮಾರ್ಕೆಟ್. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ದೊಡ್ಡ ಕಾರ್ಯಕ್ರಮಕ್ಕೆ ದುಡ್ಡು ಕೊಡುವವ್ರು ಅಲ್ಲಿಗೇ ಹೋಗಿ ಬರ್ತಾರೆ.

ಕಾನೂನಿನಲ್ಲಿ ಲೆಕ್ಕಕ್ಕೆ ತಾಗುವಷ್ಟು ಮಾತ್ರ ಹೇಳ್ತೇನೆ. ಟಿಕೆಟ್ ತಲೆಗೆ 500 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ, ಮೇಲೆ ಹೋದ್ರೆ ಪೂರ್ತಿ ರೇಟಿಗೆ 18 ಪರ್ಸೆಂಟ್. ಟ್ಯಾಕ್ಸ್ ಸೇರಿ 590ಕ್ಕೆ ಮಾರಿದ್ರೆ ಕೈಗೆ ಸಿಗುದು 500ಏ, ಹಾಗಾಗಿ 501ರಿಂದ 590ರ ನಡುವೆ ಟಿಕೆಟ್ ಇಡುದು ಸುಮ್ನೆ. 20 ಲಕ್ಷ ವಹಿವಾಟು ದಾಟಿದ್ರೆ ರಿಜಿಸ್ಟ್ರೇಷನ್ ಬೇಕು, ಆ 20 ಲಕ್ಷದಲ್ಲಿ ಟ್ಯಾಕ್ಸ್ ಇಲ್ಲದ ಟಿಕೆಟಿನ ದುಡ್ಡೂ ಸೇರ್ತದೆ, ಇದನ್ನು ತುಂಬ ಜನ ಮರೀತಾರೆ. ಸಿನಿಮಾ ಹಾಡು ಟಿಕೆಟ್ ಇಟ್ಟು ಹಾಡಿಸಿದ್ರೆ ಹಕ್ಕಿನ ಲೈಸನ್ಸ್ ಫೀಸ್ ಉಂಟು, ತ್ಯಾಗರಾಜರು ತೀರಿಹೋದದ್ದು 1847ರಲ್ಲಿ, ಅವರ ಕೃತಿಗೆ ಏನೂ ಕೊಡ್ಬೇಕಾಗಿಲ್ಲ. ಧಾರ್ಮಿಕ ವಿಧಿಯ ಭಾಗವಾಗಿ ಹಾಡಿದ್ದಕ್ಕೆ 1957ರ ಕಾಪಿರೈಟ್ ಕಾಯ್ದೆಯಲ್ಲೇ ವಿನಾಯಿತಿ ಉಂಟು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಇಲ್ಲ, ಮುಚ್ಚಿದ ಹಾಲಿನ ಒಳಗೆ ಮಾತ್ರ ಆಗ್ತದೆ, ಆದ್ರೆ ಶಬ್ದ ಹೊರಗೆ ಹೋಗ್ಬಾರ್ದು. ಒಳಗೆ ಎಕೋ ತಡೆಯುವ ಪ್ಯಾನೆಲ್ ಹಾಕಿದ ಮಾತ್ರಕ್ಕೆ ಶಬ್ದ ಹೊರಗೆ ಹೋಗುದು ನಿಲ್ಲುದಿಲ್ಲ, ಇದನ್ನು ನೆನಪಿಡಿ. 250 ಸೀಟ್ ಅಂದ್ರೆ 250ಏ, ಹೌಸ್‌ಫುಲ್ ಮೇಲೆ ನಿಂತು ನೋಡುವವ್ರಿಗೂ ಟಿಕೆಟ್ ಅಂತ ವರಮಾನದಲ್ಲಿ ಸೇರಿಸ್ಬೇಡಿ. 2023ರ ನವೆಂಬರ್ 25ಕ್ಕೆ ಕೊಚ್ಚಿಯ ಕುಸಾಟ್ ಯೂನಿವರ್ಸಿಟಿಯಲ್ಲಿ ಸಂಗೀತ ಕಾರ್ಯಕ್ರಮದ ನೂಕುನುಗ್ಗಲಿಗೆ 4 ಜನ ಸತ್ತಿದ್ದಾರೆ.

ಸರಿ, ಸ್ವಂತ ಕಾರ್ಯಕ್ರಮದಿಂದ ಆಗುದಿಲ್ಲ, ಹಾಗಾದ್ರೆ ಬಾಡಿಗೆಗೆ ಕೊಡುವ. ರಂಗಪ್ರವೇಶ, ಶಾಲಾ ವಾರ್ಷಿಕೋತ್ಸವ, ತಾಳಮದ್ದಳೆ, ಸಂಘದ ಮೀಟಿಂಗು. ದಿನಕ್ಕೆ 15,000, ಕರೆಂಟು ಕ್ಲೀನಿಂಗ್ ಕಳೆದ್ರೆ 11,000 ಉಳೀತದೆ, ಕಲಾವಿದರ ಸಂಭಾವನೆಯ ತಲೆಬಿಸಿ ಇಲ್ಲ. ಸಂಗೀತ ಭರತನಾಟ್ಯ ಕ್ಲಾಸಿಗೆ ಹಗಲು ಕೊಟ್ರೆ ವರ್ಷಕ್ಕೆ 1.8 ಲಕ್ಷ. ಸ್ವಂತ ಕಾರ್ಯಕ್ರಮ 30 (2.7 ಲಕ್ಷ), ಬಾಡಿಗೆ ದಿನ 80 (8.8 ಲಕ್ಷ), ಕ್ಲಾಸು 1.8, ಒಟ್ಟು 13.3 ಲಕ್ಷ. ಬ್ರೇಕ್ ಈವನ್ ಆಯ್ತು. ಆದ್ರೆ ವಹಿವಾಟು ಕೂಡಿಸಿ: ಬಾಡಿಗೆ 12, ಟಿಕೆಟ್ 9, ಕ್ಲಾಸು 1.8, ಚಾ ತಿಂಡಿ 1.8, ಆಯ್ತು 24.6 ಲಕ್ಷ. 20 ದಾಟಿತು, ಬಾಡಿಗೆ ಮೇಲೆ ಟ್ಯಾಕ್ಸ್ ಹಾಕ್ಬೇಕು, ಡ್ಯಾನ್ಸ್ ಟೀಚರಿಗೆ 15,000ದ ಹಾಲ್ 17,700 ಆಗ್ತದೆ.

ಇಷ್ಟರವರೆಗೆ 60 ಲಕ್ಷದ ಮಾತೇ ಎತ್ತಲಿಲ್ಲ, ಗಮನಿಸಿದ್ರಾ? ಬ್ರೇಕ್ ಈವನ್ ಅಂದ್ರೆ ದಿನದ ಖರ್ಚು ತೀರಿತು ಅಂತ ಮಾತ್ರ. 10 ವರ್ಷದಲ್ಲಿ 10 ಪರ್ಸೆಂಟ್ ಬಡ್ಡಿ ಸೇರಿಸಿ ದುಡ್ಡು ವಾಪಸ್ ಬರ್ಬೇಕಾದ್ರೆ ಆನ್ಯುಯಿಟಿ ಟೇಬಲ್ (ವರ್ಷಕ್ಕೆ ಒಂದು ರೂಪಾಯಿಯ ಹಾಗೆ ಬರುವ ದುಡ್ಡಿಗೆ ಇವತ್ತಿನ ಬೆಲೆ ಎಷ್ಟು ಅಂತ ಹೇಳುವ ಪಟ್ಟಿ) ನೋಡಿ, ಫ್ಯಾಕ್ಟರ್ 6.145, 60ನ್ನು ಅದರಿಂದ ಭಾಗಿಸಿದ್ರೆ ವರ್ಷಕ್ಕೆ ಸುಮಾರು 9.76 ಲಕ್ಷ. (ಇದನ್ನು ಹಾಕಿದ ಮೇಲೆ ಡಿಪ್ರಿಸಿಯೇಷನ್, ಅಂದ್ರೆ ಸಾಮಾನು ಹಳತಾಗಿ ಬೆಲೆ ಇಳಿಯುವ ಲೆಕ್ಕ, ಪುನಃ ಹಾಕ್ಬೇಡಿ, ಎರಡು ಸಲ ಆಗ್ತದೆ.) ಹಾಗೆ ವರ್ಷಕ್ಕೆ ಬೇಕಾದ ಕಾಂಟ್ರಿಬ್ಯೂಷನ್ 23 ಲಕ್ಷ. ಸ್ವಂತ ಕಾರ್ಯಕ್ರಮ, ಕ್ಲಾಸಿನ 4.5 ಕಳೆದ್ರೆ 18.5 ಲಕ್ಷ ಬಾಡಿಗೆಯಿಂದ ಬರ್ಬೇಕು, ಅಂದ್ರೆ 168 ದಿನ. ಅಷ್ಟು ಬುಕ್ಕಿಂಗ್ ಮದುವೆ, ಎಂಗೇಜ್‌ಮೆಂಟ್ ಇಲ್ಲದೆ ಬರ್ಲಿಕ್ಕಿಲ್ಲ, 250 ಸೀಟಿನ ಹಾಲಿಗೆ ನಮ್ಮ ಮದುವೆಯ ಜನ ಹಿಡಿಯುದೂ ಇಲ್ಲ. ಹಾಗಾಗಿ ಈ ರೂಪದಲ್ಲಿ ನನ್ನ ಉತ್ತರ ಬೇಡ ಅಂತ.

ಆದ್ರೆ ಅಲ್ಲಿಗೆ ಬಿಡುವ ಕೇಸೂ ಅಲ್ಲ. ಕಟ್ಟುವ ಮೊದ್ಲು ಇದ್ದ ಹಾಲನ್ನೇ ಒಂದೊಂದು ಸಂಜೆಗೆ 8,000 ಕೊಟ್ಟು ತಗೊಂಡು ನೋಡಿ. 60 ಪರ್ಸೆಂಟ್ ತುಂಬಿದ್ರೆ 1,000, 80ಕ್ಕೆ 12,000 ಉಳೀತದೆ, ಹೋದ್ರೂ ಹೋಗುದು ಸಾವಿರದ ಲೆಕ್ಕದಲ್ಲಿ. ಯಾವಾಗ ಅಂದ್ರೆ ಮಳೆಗಾಲದಲ್ಲಿ. ದೀಪಾವಳಿಯಿಂದ ಪತ್ತನಾಜೆವರೆಗೆ (ಮೇ ಕೊನೆಯ ಹೊತ್ತಿಗೆ ಬರುವ, ಈ ಸೀಸನ್ ಮುಗಿಯುವ ದಿನ) ಯಕ್ಷಗಾನ ಮೇಳ, ಜಾತ್ರೆ, ಕೋಲ, ತೆಯ್ಯಂ, ಆಗ ಫ್ರೀಗೆ ಎದುರು ಟಿಕೆಟ್ ಓಡುದಿಲ್ಲ. ಪತ್ತನಾಜೆ ಕಳೆದ ಮೇಲೆ ಬಯಲು ಖಾಲಿ, ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಹಿಂದೂ ಮದುವೆ ಇಲ್ಲ, ಆಡಿಟೋರಿಯಂನವ್ರು ರೇಟ್ ಇಳಿಸ್ತಾರೆ, ಗಲ್ಫಿನ ಶಾಲೆಗಳಿಗೆ ಜುಲೈ ಆಗಸ್ಟ್ ರಜೆ ಆದ ಕಾರಣ ಅಲ್ಲಿನ ಕುಟುಂಬಗಳೂ ಊರಲ್ಲಿರ್ತವೆ. ಜನರೇಟರ್ ಮಾತ್ರ ಗ್ಯಾರಂಟಿ ಬೇಕು, ಆ ಮಳೆಗೆ ಕರೆಂಟ್ ಹೋಗ್ತಾ ಇರ್ತದೆ. ಬಂದವ್ರ ಫೋನ್ ನಂಬರ್ ಬರ್ಕೊಳ್ಳಿ, ಮೂರನೇ ಕಾರ್ಯಕ್ರಮಕ್ಕೆ ಅದೇ ಜನ ಎಷ್ಟು ಮಂದಿ ದುಡ್ಡು ಕೊಟ್ಟು ವಾಪಸ್ ಬಂದ್ರು ಅಂತ ನೋಡಿ. ಪಾಸ್ ಕೊಟ್ಟು ಕೂರಿಸಿದವ್ರನ್ನು ಲೆಕ್ಕದಿಂದ ಹೊರಗಿಡಿ, ಕಮಿಟಿಯವ್ರ ಮನೆಯವ್ರನ್ನೂ.